ನೀಲವ್ವ ನಕ್ಕಿದ್ದ ಚೀಲ

ಗುರುಶಿದ್ದಪ್ಪನ ಸಿಟ್ಟು ಎಂಥದ್ದೆಂದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಫೋಟೋ ತೆಗೆಸಿಕೊಳ್ಳಲು ಕೂತವನು ಕಣ್ಣು ಪಿಳುಕಿಸಿದರೆ ಅವನ ಮೇಲೆ ಸಿಟ್ಟು, ಸೂರ್ಯ ಮರೆಯಾದರೆ ಮೋಡದ ಮೇಲೆ ಸಿಟ್ಟು, ಚಹಾ ಆರಿದ್ದರೆ ಕಪ್ಪು-ಬಸಿಯ ಮೇಲೂ ಸಿಟ್ಟು. ಆದರೆ ಕೆಲಸ ಮಾತ್ರ ಛಲೋ ಮಾಡುತ್ತಿದ್ದ. ಹಾಗಾಗಿ ಜನ ಬೈಸಿಕೊಂಡಾದರೂ ಅವನ ಹತ್ತಿರವೇ ಬರುತ್ತಿದ್ದರು. ಬೈಯುವ ಮನುಷ್ಯ ಮೋಸ ಮಾಡುವುದಿಲ್ಲ ಅಂತ ಅವರಿಗೊಂದು ನಂಬಿಕೆ. ಇರಲಿ, ನಾನು ಹೇಳಹೊರಟಿರುವುದು ಒಂದು ಚೀಲದ ಸಲುವಾಗಿ ಈ ಪುಣ್ಯಾತ್ಮ ಎಂಥ ಅನಾಹುತ ಮಾಡಿಕೊಂಡ ಎನ್ನುವುದನ್ನು. ಮೂವತ್ತೆಂಟನೆಯ ಇಸವಿಯ ಮಾತು.

ಆಗಿನ ಕ್ಯಾಮೆರಾ ಎಂದರೆ ಕಿಸೆಯಲ್ಲಿ ಹಾಕಿಕೊಂಡು ತಿರುಗುವ ಸಾಮಾನಲ್ಲ. ತೇಗಿನ ಪೆಟ್ಟಿಗೆ, ಅದನ್ನು ನಿಲ್ಲಿಸಲು ಮೂರು ಕಾಲಿನ ಕುದುರೆ, ತಲೆಯ ಮೇಲೆ ಹೊದೆಯಲು ಕರಿ ಬಟ್ಟೆ. ಇವೆಲ್ಲಕ್ಕಿಂತ ನಾಜೂಕಾದದ್ದು ಗಾಜಿನ ಪ್ಲೇಟು. ಬೆಳಕು ಸೋಕಿದರೆ ಕೆಟ್ಟಿತು, ಕಲ್ಲು ತಗುಲಿದರೆ ಒಡೆಯಿತು, ಕಾವು ಬಡಿದರೆ ಮೇಲಿನ ಲೇಪ ಹಾಳಾಯಿತು. ಒಂದೊಂದು ಪ್ಲೇಟನ್ನು ತೆಳ್ಳನೆಯ ಕಟ್ಟಿಗೆಯ ಡಬ್ಬಿಯಲ್ಲಿ ಮುಚ್ಚಿಟ್ಟು, ಆ ಡಬ್ಬಿಗಳನ್ನು ಕೂಸಿನ ಹಾಗೆ ಜೋಪಾನವಾಗಿ ಒಯ್ಯಬೇಕಿತ್ತು.

ಅದಕ್ಕೆಂದು ಅವನ ಹೆಂಡತಿ ದೇವಕ್ಕ ತನ್ನ ಹಳೆಯ ಸೀರೆಗಳನ್ನು ನಾಲ್ಕು ಪದರು ಮಾಡಿ, ನಡುವೆ ಕಂಬಳಿಯ ತುಂಡಿಟ್ಟು, ಕೌದಿ ಹೊಲಿಯುವಂತೆ ಸಣ್ಣ ಸಣ್ಣ ಹೊಲಿಗೆ ಹಾಕಿ ಒಂದು ಚೀಲ ಮಾಡಿಕೊಟ್ಟಿದ್ದಳು. ಒಳಗೆ ಪ್ರತಿ ಡಬ್ಬಿಗೂ ಬೇರೆ ಬೇರೆ ಜೇಬು. ಹೊರಗೆ ಕೆಂಪು, ಹಸಿರು, ಹಳದಿ ತುಂಡುಗಳು. ಒಂದು ಮೂಲೆಯಲ್ಲಿ ಅವಳ ಮದುವೆಯ ಇಳಕಲ್ಲ ಸೀರೆಯ ಸೆರಗಿನ ಚೂರು. ಅದು ಚಕ್ಕಡಿಯಲ್ಲಿ ಕುಲುಕಿದೆ, ರೈಲಿನಲ್ಲಿ ಜನರ ಕಾಲಡಿ ಸಿಕ್ಕಿದೆ, ಗಬ್ಬೂರಿನ ಹಳ್ಳದಲ್ಲಿ ಒಮ್ಮೆ ಜಾರಿ ಬಿದ್ದಿದೆ. ಆರು ವರ್ಷದಲ್ಲಿ ಒಂದು ಪ್ಲೇಟೂ ಒಡೆದಿರಲಿಲ್ಲ.

ಆ ವರ್ಷದ ಮಾಘಮಾಸದಲ್ಲಿ ಅಮ್ಮಿನಬಾವಿಯ ಗೌಡರ ಮನೆಯ ಲಗ್ನಕ್ಕೆ ಗುರುಶಿದ್ದಪ್ಪನಿಗೆ ಕರೆ ಬಂತು. ಕೋಟು ಹಾಕಿಕೊಂಡ, ಕರಿ ಟೊಪಗಿ ಇಟ್ಟುಕೊಂಡ, ಬಗಲಲ್ಲಿ ಕೌದಿ ಚೀಲ ತೂಗಿಸಿಕೊಂಡು ಹೋದ. ಬೇವಿನ ಮರದ ಕೆಳಗೆ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ಕೂಡಿಸಿ, ಉಸಿರು ಬಿಗಿಹಿಡಿಯಿರಿ ಎಂದು ತಾಕೀತು ಮಾಡಿ, ಚೀಲವನ್ನು ಕ್ಯಾಮೆರಾ ಕುದುರೆಯ ಒಂದು ಕಾಲಿಗೆ ತೂಗುಹಾಕಿದ. ಸಾಲಿನ ತುದಿಯಲ್ಲಿ ಅದೇ ಊರಿನ ಸಾವಕ್ಕನ ಮಗಳು ನೀಲವ್ವ ಕೂತಿದ್ದಳು. ಗಂಡನ ಮನೆ ನವಲಗುಂದ. ಬಸುರಿಯಾಗಿ ಸೀಮಂತದ ಕುಬಸಕ್ಕೆಂದು ತವರಿಗೆ ಬಂದವಳು, ಅಲ್ಲೇ ಹೆರಿಗೆಗೆ ನಿಂತಿದ್ದಳು. ಸರಿಯಾಗಿ ಇವನು ಗುಂಡಿ ಒತ್ತುವ ಹೊತ್ತಿಗೆ ಅವಳ ಬಾಯಿಂದ ಮಾತು ಜಾರಿತು.

“ನೋಡ್ರೆವಾ, ಮ್ಯಾಲ ಸಾಹೇಬ, ಬಗಲಾಗ ಬಾಣಂತಿ ಹಾಸಿಗಿ.”

ಅಂದವಳೇ ಹಲ್ಲು ಕಾಣುವಂತೆ ನಕ್ಕಳು. ಗುಂಡಿ ಆಗಲೇ ಒತ್ತಿಯಾಗಿತ್ತು. ಇನ್ನೊಂದು ಗಳಿಗೆಗೆ ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಪಡಸಾಲೆಯಲ್ಲಿದ್ದ ಗಂಡಸರು, ಗೌಡರೂ ಸೇರಿ, ನಕ್ಕರು. ಗುರುಶಿದ್ದಪ್ಪನ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಿಸಿದ ಫೋಟೋವನ್ನು ಮರ್ಯಾದಸ್ಥರು ಮನೆಯಲ್ಲಿ ತೂಗುಹಾಕುತ್ತಾರೆಯೇ? ಪ್ಲೇಟು ದಂಡ ಮಾಡಿದಳು ಎಂದು ಬಾಯಿಗೆ ಬಂದಂತೆ ಬೈದು, ನೀಲವ್ವನನ್ನು ಸಾಲಿನಿಂದ ಎಬ್ಬಿಸಿ ಕಳಿಸಿ, ಉಳಿದವರದ್ದು ಎರಡನೆಯ ಸಲ ತೆಗೆದ. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಎದ್ದು ಹೋದಳು. ನಗು ತಡೆದಿದ್ದಳೋ ಅಳು ತಡೆದಿದ್ದಳೋ, ನೋಡುವ ವ್ಯವಧಾನ ಅವನಿಗೆಲ್ಲಿ?

ಮನೆಗೆ ಬಂದು ಡಬ್ಬಿಗಳನ್ನು ತೆಗೆದಿಟ್ಟವನೇ ಖಾಲಿ ಚೀಲವನ್ನು ದೇವಕ್ಕನ ಮುಂದೆ ಒಗೆದ. ಇದರಿಂದ ತನ್ನ ಮಾನ ಮೂರು ಕಾಸಿಗೆ ಹರಾಜಾಯಿತು, ಇನ್ನು ಮೇಲೆ ಇದನ್ನು ಮುಟ್ಟುವುದಿಲ್ಲ ಎಂದ. ಆರು ವರ್ಷ ಬೆನ್ನು ಬಗ್ಗಿಸಿ ಅವನ ಕೆಲಸದಲ್ಲಿ ಸಾಥ್ ಕೊಟ್ಟವಳು ದೇವಕ್ಕ. ಕೆಟ್ಟ ಪ್ಲೇಟುಗಳನ್ನು ಬಿಸಿ ಸೋಡಾ ನೀರಿನಲ್ಲಿ ನೆನೆಸಿ, ಲೇಪ ಕೆರೆದು, ಗಾಜನ್ನು ಥಳಥಳ ತೊಳೆದು ಚೌಕಟ್ಟು ಕಟ್ಟಲು ಕೊಡುವುದೂ ಅವಳದೇ ಪಾಲು. ಅವಳು ಚೀಲವನ್ನು ಎತ್ತಿ ಧೂಳು ಕೊಡವಿದಳು, ಗಂಡನ ಮುಖ ನೋಡಿದಳು.

“ನನ್ನ ಹೊಲಿಗಿ ನಿಮಗ ನಾಚಿಕಿ ಆತಿಲ್ಲ? ಹಂಗಾರ ನಿಮ್ಮ ಪ್ಲೇಟು ನೀವ ತೊಳಕೋರಿ. ಇನ್ನ ನಾ ಮುಟ್ಟಂಗಿಲ್ಲ,” ಎಂದಳು.

ಇವನ ಸಿಟ್ಟು ಕೂಗುವ ಸಿಟ್ಟು; ಅವಳದ್ದು ಸದ್ದಿಲ್ಲದೆ ತಿಂಗಳುಗಟ್ಟಲೆ ಕೂರುವ ಸಿಟ್ಟು. ಅವನು ಔಷಧದಲ್ಲಿ ತೊಳೆದು, ಕೆಟ್ಟವೆಂದು ಬದಿಗಿಟ್ಟ ಆ ಲಗ್ನದ ಪ್ಲೇಟುಗಳನ್ನು ಕೌದಿ ಚೀಲಕ್ಕೆ ತುರುಕಿ, ಚೀಲವನ್ನು ಅಡಿಗೆಮನೆಯ ಅಟ್ಟಕ್ಕೆ ಎಸೆದಳು. ಮೂರು ತಿಂಗಳು ಅತ್ತ ಕಣ್ಣೆತ್ತಿ ನೋಡಲಿಲ್ಲ. ಅವನಂತೂ ಸೋಡಾ ನೀರಿಗೆ ಕೈ ಹಾಕುವ ಜಾತಿಯ ಗಂಡಸಲ್ಲ.

ಮರುದಿನವೇ ಗುರುಶಿದ್ದಪ್ಪ ಸ್ಟೇಷನ್ ರಸ್ತೆಯ ಹುಸೇನಬಾಷಾನ ಅಂಗಡಿಗೆ ಹೋದ. ಹುಸೇನಬಾಷಾ ಟಾಂಗಾ ಕುದುರೆಗಳ ಲಗಾಮು, ಜೀನು, ಸಾಹೇಬರ ಚೀಲಗಳನ್ನು ಹೊಲಿಯುವ ಮುದುಕ. ಕರಿ ಚರ್ಮದ್ದು ಬೇಕು, ಹಿತ್ತಾಳೆಯ ಬಕ್ಕಲು ಬೇಕು, ದೂರದಿಂದ ನೋಡಿದವನು ಎದ್ದು ನಿಲ್ಲಬೇಕು ಎಂದು ಇವನು ಹೇಳುತ್ತ ಹೋದ. ಮುದುಕ ಮೇಣದ ನೂಲು ಎಳೆಯುತ್ತ ಕೇಳುತ್ತ ಹೋದ: ಹೊರುವವರು ಯಾರು, ಯಾವ ಹೆಗಲಿಗೆ, ಚಕ್ಕಡಿಯೋ ರೈಲೋ, ಒಳಗಿನ ಸಾಮಾನಿಗೆ ಕಾವು ತಡೆಯುತ್ತದೆಯೋ ಇಲ್ಲವೋ. ಚರ್ಮದ ಚೀಲ ಖಾಲಿಯಿದ್ದಾಗಲೇ ಅರ್ಧ ಹೊರೆ, ಕರಿ ಬಣ್ಣವಂತೂ ಬಿಸಿಲನ್ನೆಲ್ಲ ಕುಡಿಯುತ್ತದೆ, ದಪ್ಪ ಕಿತ್ತಾನಿನ ಬಟ್ಟೆಯಲ್ಲಿ ಹೊಲಿದು ಒಳಗೆ ಕಂಬಳಿ ಕೊಟ್ಟರೆ ಹಗುರ, ತಂಪು ಎಂದು ಬುದ್ಧಿಯನ್ನೂ ಹೇಳಿದ. ಕೊನೆಗೆ ಉಳಿಯನ್ನು ಕೆಳಗಿಟ್ಟ.

“ಅಣ್ಣಾರ, ಚೀಲ ಹೊಲಿಯೂದು ನನ್ನ ಕೆಲಸ, ಹೊಲೀತೇನಿ. ಆದ್ರ ನೀವು ನಾಕ ಮಂದಿ ಮನಿ ಒಳಗ ಹೋಗಾವ್ರು. ಚರ್ಮ ಎಲ್ಲಿ ಒಳಗ ಬರತೈತಿ, ಎಲ್ಲಿ ಹೊರಗ ಕುಂಡರತೈತಿ, ಅದನ್ನ ವಿಚಾರ ಮಾಡೀರೇನ?”

ಲಿಂಗ ಕಟ್ಟಿಕೊಂಡವನಿಗೆ ಒಬ್ಬ ಸಾಬ ಈ ಮಾತು ನೆನಪು ಮಾಡಿಕೊಡಬೇಕೇ? ನಾಚಿಕೆಯಾಗಬೇಕಿತ್ತು. ಅವನಿಗೆ ಸಿಟ್ಟು ಬಂತು. ಹೇಳಿದಷ್ಟು ಹೊಲಿ, ಉಪದೇಶ ನಿನ್ನ ಕುದುರೆಗೆ ಮಾಡು ಎಂದು ದಬಾಯಿಸಿ ಬಂದ. ಹದಿನೈದು ದಿನಕ್ಕೆ ಚೀಲ ತಯಾರಾಯಿತು. ಚೀಲವೇನೋ ಖರೇ ಚೆಂದ. ಮುಖ ಕಾಣುವಂಥ ಹೊಳಪು. ದುರ್ಗದಬೈಲಿನಲ್ಲಿ ಅದನ್ನು ಬಗಲಿಗೇರಿಸಿ ಬೇಕಂತಲೇ ಎರಡು ಸುತ್ತು ಹಾಕಿದ. ಹೆಗಲು ಬಾತದ್ದನ್ನು ಯಾರಿಗೂ ಹೇಳಲಿಲ್ಲ.

ವೈಶಾಖದಲ್ಲಿ ಒಂದು ದಿನ ನಸುಕಿನಲ್ಲೇ ಅಮ್ಮಿನಬಾವಿಯಿಂದ ಆಳು ಬಂದ. ಸಾವಕ್ಕನ ಮಗಳು ಹೆತ್ತು ಎಂಟು ದಿನಕ್ಕೆ ತೀರಿಕೊಂಡಿದ್ದಳು. ಹೆಣ್ಣು ಕೂಸು ಉಳಿದಿತ್ತು. ನೀಲವ್ವನದು ಒಂದೇ ಒಂದು ಫೋಟೋ ಇರಲಿಲ್ಲ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಹೂವು ಮುಡಿಸಿ ಕೂಡಿಸುತ್ತಾರೆ. ಹಾಗೆ ಕೂಡಿಸಿದಾಗ ಒಂದು ಫೋಟೋ ತೆಗೆಸಿಟ್ಟರೆ ನಾಳೆ ಕೂಸಿಗೆ ತನ್ನ ತಾಯಿಯ ಮೋರೆ ಹೀಗಿತ್ತು ಅಂತ ತೋರಿಸಬಹುದು. ಸಾವಕ್ಕನಿಗೆ ಬೇಕಾಗಿದ್ದುದು ಇಷ್ಟೇ.

ಗುರುಶಿದ್ದಪ್ಪ ಧಾರವಾಡದ ತನಕ ರೈಲಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಹೋಗಿ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಶಾಂತಯ್ಯ ಅಡ್ಡ ಬಂದರು. ಅವರು ಆ ಮನೆತನದ ಅಯ್ಯನವರು; ಸತ್ತವಳ ನೆತ್ತಿಯ ಮೇಲೆ ಪಾದವಿಟ್ಟು ಕಡೆಯ ಪೂಜೆ ಮಾಡಬೇಕಾದವರು. ಪೂಜೆ ಆಗುವ ಜಾಗಕ್ಕೆ ಚರ್ಮದ ಚೀಲ ತರಕೂಡದು ಎಂದರು. ಕ್ಯಾಮೆರಾ ಬೇಕಾದರೆ ಒಯ್ಯಿ, ಚೀಲ ಹೊರಗೆ.

ಅಯ್ಯನವರಿಗೆ ಗೊತ್ತಿರಲಿಲ್ಲ, ಆ ಕ್ಯಾಮೆರಾದ ಹಿಗ್ಗುವ ಕುಗ್ಗುವ ಹೊಟ್ಟೆಯೂ ಚರ್ಮದ್ದೇ. ಗುರುಶಿದ್ದಪ್ಪನಿಗೆ ಗೊತ್ತಿತ್ತು. ವಾದ ಮಾಡಿದರೆ ಕ್ಯಾಮೆರಾವೂ ಹೊರಗೇ ಉಳಿದೀತು. ಹೀಗೆ ಬಾಯಿ ಕಟ್ಟಿಹಾಕಿದಂತಾಗಿ ಅವನ ಸಿಟ್ಟು ಇಮ್ಮಡಿಯಾಯಿತು. ಹಲ್ಲು ಕಡಿಯುತ್ತ ಒಳಗೆ ಹೋಗಿ ಕ್ಯಾಮೆರಾ ನಿಲ್ಲಿಸಿ ಬಂದ. ನವಲಗುಂದದಿಂದ ಗಂಡ ಬರುವ ತನಕ ಕಾಯಬೇಕಿತ್ತು. ಅಂಥ ಹೊತ್ತಿನಲ್ಲೂ ಸಾವಕ್ಕ ಕಣ್ಣು ಒರೆಸಿಕೊಂಡು ಹೊರಗೆ ಬಂದಳು.

“ತಮ್ಮಾ, ಇಲ್ಲಿ ಬಿಸಲು ಬರತೈತಿ. ನಿನ್ನ ಚೀಲ ದನದ ಮನ್ಯಾಗ ಇಡು, ಅಲ್ಲಿ ತಂಪೈತಿ,” ಎಂದಳು.

ದನದ ಮನೆ! ಹಿತ್ತಾಳೆ ಬಕ್ಕಲಿನ ಚೀಲ ಸಗಣಿಯ ಮಗ್ಗುಲಲ್ಲಿ! ಒಂದು ಧೋತರ ಕೇಳಿ ಡಬ್ಬಿಗಳನ್ನು ಅದರಲ್ಲಿ ಕಟ್ಟಿ ಒಳಗೆ ಒಯ್ದಿದ್ದರೂ ಮುಗಿಯುತ್ತಿತ್ತು. ಕೇಳಲು ಬಾಯಿ ಬರಬೇಕಲ್ಲ? ಚೀಲವನ್ನು ಎಲ್ಲರಿಗೂ ಕಾಣುವಂತೆ ಅಂಗಳದ ಬೇವಿನ ನೆರಳಿದ್ದ ಕಲ್ಲುಕಟ್ಟೆಯ ಮೇಲೆ ದಡ್ಡನೆ ಇಟ್ಟ. ಓಣಿಯ ಆ ತುದಿಯ ಬಸವಣ್ಣನ ಗುಡಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಅಲ್ಲಿ ಮೂರು ತಾಸು ಕೂತು ಏನು ಮಾಡಿದ? ಶಾಂತಯ್ಯನವರಿಗೆ ಹೇಳಬೇಕಾಗಿದ್ದ ಮಾತುಗಳನ್ನು ಮನಸ್ಸಿನಲ್ಲೇ ಹೇಳಿದ. ಅಷ್ಟರಲ್ಲಿ ಕಟ್ಟೆಯ ಮೇಲಿನ ನೆರಳು ಸರಿದು ಬೇವಿನ ಬುಡಕ್ಕೆ ಹೋಗಿತ್ತು.

ಅಳಿಯ ಬಂದ, ಕರೆ ಬಂತು. ಚೀಲದ ಬಕ್ಕಲು ಮುಟ್ಟಿದಾಗ ಬೆರಳು ಚುರ್ ಎಂದಿತು. ಒಳಗಿನ ಡಬ್ಬಿಗಳು ಒಲೆಯ ಮೇಲಿಂದ ಇಳಿಸಿದ ತಟ್ಟೆಯಂತೆ ಕಾದಿದ್ದವು. ಅವನಿಗೆ ಆಗಲೇ ಗೊತ್ತಾಯಿತು. ಗೊತ್ತಾದರೂ ಏನು ಮಾಡಬೇಕು? ಬೇರೆ ಪ್ಲೇಟು ಇಲ್ಲ, ಹೊತ್ತು ಮೀರಿದೆ, ಮಣ್ಣಿಗೆ ಒಯ್ಯಲು ಜನ ನಿಂತಿದ್ದಾರೆ. ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಆರು ಪ್ಲೇಟಿನಲ್ಲೂ ತೆಗೆದ. ಮಗಳ ಪಕ್ಕದಲ್ಲಿ ಸಾವಕ್ಕ ಕೂಸನ್ನು ಎತ್ತಿ ಹಿಡಿದು ಕೂತಿದ್ದಳು.

ಮರುದಿನ ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಮೊದಲನೆಯ ಪ್ಲೇಟನ್ನು ಔಷಧದ ನೀರಿಗೆ ಇಳಿಸಿದ. ಮೋರೆ ಮೂಡುವ ಬದಲು ಪ್ಲೇಟು ಇಡಿಯಾಗಿ ಕಪ್ಪಿಟ್ಟಿತು. ಆಮೇಲೆ ಅಂಚಿನಲ್ಲಿ ಲೇಪ ಸುಕ್ಕುಗಟ್ಟಿ, ಎದ್ದು, ಹಾಲಿನ ಕೆನೆಯಂತೆ ಜಾರಿ ಬೋಗುಣಿಗೆ ಬಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ. ಆರನೆಯದನ್ನು ನೋಡಿದ ಮೇಲೆ ಬೋಗುಣಿಯನ್ನು ಗೋಡೆಗೆ ಎಸೆದ. ಶಾಂತಯ್ಯನನ್ನು ಬೈದ, ಹುಸೇನಬಾಷಾನನ್ನು ಬೈದ, ವೈಶಾಖವನ್ನು ಬೈದ. ಬಯ್ಯಲು ಬೇರೆ ಯಾರೂ ಉಳಿಯದೆ ಇದ್ದಾಗ ಒದ್ದೆ ನೆಲದ ಮೇಲೆ ಕೂತುಬಿಟ್ಟ.

ಅಮ್ಮಿನಬಾವಿಗೆ ಹೇಳಿಕಳಿಸುವ ಧೈರ್ಯ ಅವನಿಗೆ ಆಗಲಿಲ್ಲ. ದಿನಾ ಬೆಳಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದ, ಸಂಜೆಯ ತನಕ ಸುಮ್ಮನಿರುತ್ತಿದ್ದ. ಒಂಬತ್ತನೆಯ ದಿನ ಸಾವಕ್ಕನೇ ಚಕ್ಕಡಿ ಕಟ್ಟಿಸಿಕೊಂಡು ಬಂದಳು. ತೋಳಿನಲ್ಲಿ ಕೂಸು, ಬಿಸಿಲಿಗೆ ಕಪ್ಪಾದ ಮೋರೆ. ಫೋಟೋ ಕೊಡು ತಮ್ಮಾ ಎಂದು ಕೈ ಚಾಚಿದಳು.

ಅವನು ಹೇಳಿದ. ಹೇಳುವಾಗಲೂ ಶಾಂತಯ್ಯನವರು ಚೀಲ ಒಳಗೆ ಬಿಡಲಿಲ್ಲ ಎಂದೇ ಶುರುಮಾಡಿದ. ಸಾವಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಅಯ್ಯನವರ ಹೆಸರ ತಗೀಬ್ಯಾಡ. ದನದ ಮನ್ಯಾಗ ಇಡು ಅಂತ ನಾ ಹೇಳಲಿಲ್ಲೇನ? ಮಗಳ ಹೆಣಾ ಒಳಗ ಬಿಟ್ಟು ಹೊರಗ ಬಂದು ಹೇಳಿದೆ. ನಿನ್ನ ಚೀಲ ಮಂದಿ ನೋಡಲಿ ಅಂತ ಕಟ್ಟಿ ಮ್ಯಾಲ ಇಟ್ಟಿ. ಯಾರು ನೋಡಿದ್ರೋ ಅದನ್ನ? ನನ್ನ ಮನ್ಯಾಗ ಅವತ್ತು ಕಣ್ಣು ಯಾರಿಗೆ ಕಾಣತಿತ್ತು?”

ದುರ್ಗದಬೈಲನ್ನೇ ನಡುಗಿಸುವ ಗುರುಶಿದ್ದಪ್ಪ ತಲೆಯ ಮೇಲಿನ ಕರಿ ಟೊಪಗಿ ತೆಗೆದು ಕೆಳಗಿಟ್ಟ. ಸಾವಕ್ಕ ಬಿಡಲಿಲ್ಲ. ಗೌಡರ ಲಗ್ನದಲ್ಲಿ ತನ್ನ ಮಗಳನ್ನು ಬಸುರಿ ಎಂದೂ ನೋಡದೆ ಸಾಲಿನಿಂದ ಎಬ್ಬಿಸಿದ್ದನ್ನು ನೆನಪಿಸಿದಳು. ಎಬ್ಬಿಸುವ ಮೊದಲು ಒಂದು ಸಲ ಗುಂಡಿ ಒತ್ತಿದ್ದನ್ನು ತಾನು ದೂರದಿಂದ, ಮಾತು ಕೇಳಿಸದಿದ್ದರೂ, ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ನೀಲವ್ವ ಇರಲೇಬೇಕು, ಅದೆಲ್ಲಿ ಎಂದು ಕೇಳಿದಳು.

ಅದು ಕೆಟ್ಟ ಪ್ಲೇಟು. ದೇವಕ್ಕ ಮುಟ್ಟುವುದಿಲ್ಲ ಅಂದದ್ದನ್ನು ಸಿಟ್ಟಿನ ಮಾತೆಂದು ಅವನು ಎಂದೋ ಮರೆತಿದ್ದ; ಅದನ್ನು ಕೆರೆದು ತೊಳೆದು, ಆ ಗಾಜಿನಲ್ಲಿ ಯಾರದೋ ಚೌಕಟ್ಟು ಕಟ್ಟಿ ಮೂರು ತಿಂಗಳಾಗಿರಬೇಕು. ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ದೇವಕ್ಕನ ಕಡೆ ತಿರುಗಿದ. ಅವಳು ಒಳಗೆ ಹೋದಳು. ಏಣಿ ಎಳೆದ ಸಪ್ಪಳವಾಯಿತು. ಬರುವಾಗ ಕೌದಿ ಚೀಲ ಅವಳ ತೋಳಿನ ಮೇಲಿತ್ತು, ಮೇಲೆಲ್ಲ ಹೊಗೆ, ಜೇಡರ ಬಲೆ.

“ನಾ ತೊಳದಿಲ್ರಿ. ಮುಟ್ಟಂಗಿಲ್ಲ ಅಂದಿದ್ನೆಲ್ಲ,” ಎಂದಳು.

ಗುರುಶಿದ್ದಪ್ಪ ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದ. ನಾಲ್ಕನೆಯದರ ತುದಿಯಲ್ಲಿ ಅವಳಿದ್ದಳು. ಮೂರು ತಿಂಗಳು ಒಲೆಯ ಕಾವಿನ ಮೇಲೆ ಅಟ್ಟದಲ್ಲಿ ಬಿದ್ದಿದ್ದರೂ ಆ ನಾಲ್ಕು ಪದರು ಸೀರೆ, ಆ ಕಂಬಳಿ ಅದಕ್ಕೆ ಏನೂ ಆಗಗೊಟ್ಟಿರಲಿಲ್ಲ. ಸಾವಕ್ಕ ಇಣುಕಿ ನೋಡಿ ಬೆಚ್ಚಿ ಹಿಂದೆ ಸರಿದಳು, ಏಕೆಂದರೆ ಪ್ಲೇಟಿನಲ್ಲಿ ಮೋರೆ ಕಪ್ಪು, ಕೂದಲು ಬಿಳಿ. ಸ್ವಲ್ಪ ತಾಳ್ರಿ ಅವ್ವಾ ಎಂದು ಅವನು ಪ್ಲೇಟನ್ನು ಕಾಗದದ ಮೇಲಿಟ್ಟು ಚೌಕಟ್ಟಿನಲ್ಲಿ ಬಿಗಿದು ಹಿತ್ತಲಿನ ಬಿಸಿಲಿಗೆ ಇಟ್ಟ. ತಾನು ಬಿಟ್ಟು ಕದಲಲಿಲ್ಲ. ಬರಿಯ ತಲೆಯಲ್ಲಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

ಕಾಗದ ನಿಧಾನಕ್ಕೆ ಕೆಂಪಾಯಿತು. ಮೊದಲು ಸೀರೆಯ ದಡಿ ಮೂಡಿತು, ಆಮೇಲೆ ಮೂಗುತಿ, ಆಮೇಲೆ ಹಲ್ಲು. ನೀಲವ್ವ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಕೊಂಚ ಕೆಳಗೆ, ಪಕ್ಕಕ್ಕೆ ನೋಡಿ ಬಾಯಿ ತುಂಬ ನಗುತ್ತಿದ್ದಳು. ಔಷಧ ಕುಡಿಸಿ, ತೊಳೆದು, ಒಣಗಿಸಿ ಸಾವಕ್ಕನ ಕೈಗೆ ಕೊಟ್ಟ. ಅವಳು ಬಹಳ ಹೊತ್ತು ಅಳಲಿಲ್ಲ. ಆಮೇಲೆ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಸೀಟಿ, ಫೋಟೋವನ್ನು ಕೂಸಿನ ಮೋರೆಯ ಹತ್ತಿರ ಹಿಡಿದು ನೋಡಿದಳು.

“ಯಾಕ ನಗಾಕತ್ತಾಳ ಇಕಿ? ನಾಳಿ ಕೂಸು ಕೇಳಿದ್ರ ನಾ ಏನ್ ಹೇಳ್ಲಿ?”

ಸುಳ್ಳು ಹೇಳಬಹುದಿತ್ತು. ಗುರುಶಿದ್ದಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ.

“ನನ್ನ ಚೀಲ ನೋಡಿ ನಕ್ಕಾಳ್ರೀ ಅವ್ವಾ. ಬಾಣಂತಿ ಹಾಸಿಗಿ ಅಂದ್ಲು. ನಾ ಬೈದು ಎಬ್ಬಿಸಿದೆ.”

ಸಾವಕ್ಕ ದೇವಕ್ಕನ ತೋಳಿನ ಮೇಲಿನ ಚೀಲವನ್ನು ನೋಡಿದಳು, ಆ ಕೆಂಪು, ಹಸಿರು, ಹಳದಿ ತುಂಡುಗಳನ್ನು. ಅವಳ ತುಟಿ ಒಂದು ಸಲ ಅತ್ತಿತ್ತ ಆಯಿತು. ಮಗಳು ನಕ್ಕದ್ದರಲ್ಲಿ ತಪ್ಪೇನಿಲ್ಲ ಎಂದು ಅವಳಿಗೂ ಅನ್ನಿಸಿರಬೇಕು. ಆದರೆ ಮಾತಿನಲ್ಲಿ ಸಿಟ್ಟು ಹಾಗೇ ಇತ್ತು.

“ಹಂಗಾರ ಆ ಚೀಲಾನೂ ಕೊಡು. ಕೂಸಿಗೆ ಎರಡೂ ತೋರಸ್ತೇನಿ.”

ಗುರುಶಿದ್ದಪ್ಪನ ಕೈ ತಾನಾಗಿಯೇ ಚೀಲದ ಕಡೆ ಹೋಗಿತ್ತು, ಹಿಡಿದುಕೊಳ್ಳಲಿಕ್ಕೆ. ಒಂಬತ್ತು ದಿನದಿಂದ ಅವನು ಲೆಕ್ಕ ಹಾಕಿ ಹಾಕಿ ಕಂಡುಕೊಂಡಿದ್ದು ಇದೊಂದೇ ಅಲ್ಲವೇ, ಹುಬ್ಬಳ್ಳಿ ಧಾರವಾಡ ಎರಡೂ ಹುಡುಕಿದರೂ ತನ್ನ ಕೆಲಸಕ್ಕೆ ಇದರಂಥ ಚೀಲ ಸಿಗುವುದಿಲ್ಲ ಎನ್ನುವುದು. ಅಷ್ಟರಲ್ಲಿ ದೇವಕ್ಕ ಅದರ ಧೂಳನ್ನು ಕೊಡವಿ, ಜೇಡರ ಬಲೆ ಒರೆಸಿ, ಫೋಟೋವನ್ನು ಒಳಗಿನ ಜೇಬಿನಲ್ಲಿಟ್ಟು ಸಾವಕ್ಕನ ಹೆಗಲಿಗೆ ಹಾಕಿಯಾಗಿತ್ತು. ಕೂಸು ಸೆರಗಿನ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು.

ಚಕ್ಕಡಿ ಓಣಿ ದಾಟುವ ತನಕ ಗಂಡ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಗುರುಶಿದ್ದಪ್ಪ ಮೆಲ್ಲಗೆ ಬಾಯಿ ಬಿಟ್ಟ.

“ಇನ್ನೊಂದು ಹೊಲದು ಕೊಡತೀಯೇನ?”

“ಹೊಲೀತೇನಿ,” ಎಂದಳು ದೇವಕ್ಕ. “ಲಗೂ ಆಗಂಗಿಲ್ಲ. ಅಲ್ಲೀತನಕ ನಿಮ್ಮ ಹಿತ್ತಾಳಿ ಬಕ್ಕಲದ್ದು ಹೊತ್ಕೊಂಡು ತಿರಗ್ರಿ.”

ಅವಳು ಹೊಲಿದು ಮುಗಿಸಲು ದೀಪಾವಳಿ ಬಂತು. ಅಷ್ಟು ತಿಂಗಳೂ ಗುರುಶಿದ್ದಪ್ಪ ಹೋದ ಹೋದ ಊರಲ್ಲಿ ಮೊದಲು ಕೇಳುತ್ತಿದ್ದುದು ದನದ ಮನೆ ಎಲ್ಲಿದೆ ಎಂದು. ಆ ಕರಿ ಚೀಲವನ್ನು ಸಗಣಿಯ ಮಗ್ಗುಲಿಗಿಟ್ಟು, ಡಬ್ಬಿಗಳನ್ನು ಧೋತರದಲ್ಲಿ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದ. ಜನ ನಗುತ್ತಿದ್ದರು, ಅವನು ಬೈಯುತ್ತಿರಲಿಲ್ಲ.